ಕಂದಾಯದ ಗಂಟು ಹೊತ್ತವರು

ಹುಣಸೂರು ಸೀಮೆಯ ನಮ್ಮೂರಲ್ಲಿ ತೋಟಿಕೆ ನಮ್ಮ ಮನೆತನದ್ದು. ಕಂದಾಯದ ಕಾಲಕ್ಕೆ ಮನೆಮನೆ ಮುಂದೆ ಕೂಗಿ ರೈತರನ್ನು ಚಾವಡಿಗೆ ಕರೆಯೋನು ನಮ್ಮ ಮುತ್ತಾತ. ವಸೂಲಾದ ದುಡ್ಡಿನ ಗಂಟು ಹೊತ್ತು ಶಾನುಭೋಗರ ಹಿಂದೆ ತಾಲ್ಲೂಕು ಕಚೇರಿಗೆ ನಡೆಯೋನೂ ಅವನೇ. 'ಗಂಟು ನಮ್ಮ ತಲೆ ಮೇಲೆ, ಹೆಸರು ಅವರದು ಕಣ್ಲಾ' ಅಂತಿದ್ದನಂತೆ. ಗಡಿಕಲ್ಲಿನ ಜಗಳ ಬಿದ್ದರೆ ಕುಳವಾಡಿ ಹೇಳಿದ್ದೇ ಮಾತು. ಆ ಗಡಿಯೊಳಗಿನ ನೆಲದ ಪಟ್ಟಾ ಮಾತ್ರ ಅವನದಲ್ಲ.

1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿಸಿದಾಗ ಬಂದವರು 144 ಮಂದಿ. ಯಾರೂ ಓಟು ಪಡೆದು ಬಂದವರಲ್ಲ. ಭೂಮಿ, ವ್ಯಾಪಾರ, ಊರಲ್ಲಿ ವಜನು ಇದ್ದವರು. ದಿವಾನರ ಭಾಷಣ ಕೇಳಿ, ಅಹವಾಲು ಹೇಳಿ ಹೋದರು. ದೇಶೀ ಸಂಸ್ಥಾನಗಳಲ್ಲೇ ಇದು ಮೊದಲು ಅಂತ ನಮ್ಮ ಚರಿತ್ರೆಕಾರರು ಹೊಗಳಿದ್ದಾರೆ. ಹೊಗಳಲಿ. 1891ರಲ್ಲಿ ಚುನಾವಣೆ ಬಂತು, ಓಟಿನ ಹಕ್ಕಿಗೆ ಕಂದಾಯ, ಆಸ್ತಿ, ಪದವಿಗಳೇ ಅಳತೆಗೋಲಾದವು. 1923ರ ಸುಧಾರಣೆ ಆ ಹೊಸ್ತಿಲನ್ನು ತಗ್ಗಿಸಿತು, ಕಿತ್ತು ಹಾಕಲಿಲ್ಲ.

ಆದರೆ ಕಂದಾಯ ಕಟ್ಟಿದವರು ಯಾರು? ಪಿರಿಯಾಪಟ್ಟಣದ ಹೊಲದಲ್ಲಿ, ಎಡತೊರೆಯ (ಈಗಿನ ಕೆ.ಆರ್. ನಗರದ ಕಡೆ) ನಾಲೆ ಗದ್ದೆಯಲ್ಲಿ ಜೀತಕ್ಕಿದ್ದವನ ಬೆವರಿಲ್ಲದೆ ಆ ರೂಪಾಯಿ ಹುಟ್ಟುತ್ತಿತ್ತೆ? ಎಚ್.ಡಿ. ಕೋಟೆಯ ಕಾಡಿನ ಜೇನುಕುರುಬರಿಗಂತೂ ಪಟ್ಟಾ ಎಂಬ ಮಾತೇ ದೂರ. ರಸೀದಿಯಲ್ಲಿ ಹೆಸರಿದ್ದವನು ಪ್ರಜೆ, ಉಳಿದವನು ಆಳು. ನಮ್ಮ ಹುಣಸೂರಿನ ದೇವರಾಜ ಅರಸು 1941ರಲ್ಲಿ ಆ ಸಭೆಗೆ ಹೋದರು. ಮುಂದೆ ಅವರೇ ಮುಖ್ಯಮಂತ್ರಿಯಾಗಿ 1974ರಲ್ಲಿ ತಂದ ಭೂಸುಧಾರಣೆ ಗೇಣಿದಾರನಿಗೆ ನೆಲ ಕೊಟ್ಟಿತು, ಅದು ಸಣ್ಣ ಮಾತಲ್ಲ. ಗೇಣಿಯೂ ಇಲ್ಲದ ಜೀತದವನು ಅಲ್ಲೂ ಹೊರಗೇ ಉಳಿದ.

ಬ್ರಿಟನ್ನಿನಲ್ಲಿ ಲೆಕ್ಕ ತಿರುಗುಮುರುಗು. ಜನ ಆರಿಸದ ಲಾರ್ಡ್ಸ್ ಸಭೆಯವರು ದೇಶದ ತೆರಿಗೆಗೆ ಪೂರಾ ಒಳಪಡಬೇಕೆಂದು 2010ರಲ್ಲಿ ಕಾನೂನಾದಾಗ ಕೆಲವರು ಸಭೆಯನ್ನೇ ಬಿಟ್ಟರು. ಅಲ್ಲಿ ಕುರ್ಚಿ ಮೊದಲು, ತೆರಿಗೆ ಆಮೇಲೆ. ನಮ್ಮವರಿಗೆ ಕಂದಾಯವಿಲ್ಲದೆ ಬಾಗಿಲೇ ಇಲ್ಲ.

ಈಗ ವಿಧಾನ ಪರಿಷತ್ತಿದೆ, 75 ಮಂದಿ. ಅದು ಬೇಕೋ ಬೇಡವೋ ಅಂತ ಆಗಾಗ ವಾದವೆದ್ದು ತಣ್ಣಗಾಗುತ್ತದೆ. ನಮ್ಮ ಅತ್ತಿಗೆ ಮೀಸಲಿನಲ್ಲಿ ಗೆದ್ದು ಪಂಚಾಯ್ತಿ ಮೆಂಬರಾಗಿದ್ದಾಗ ಪರಿಷತ್ತಿಗೆ ಓಟು ಹಾಕಿ ಬಂದು, 'ನಮ್ಮ ಮೀಸಲು ಪಂಚಾಯ್ತಿ ಬಾಗಲಿಗೇ ನಿಂತೋಯ್ತಾ?' ಅಂದರು. ಸಂವಿಧಾನದ 332ನೇ ವಿಧಿ ಪರಿಶಿಷ್ಟರಿಗೆ ಸ್ಥಾನ ಮೀಸಲಿಡುವುದು ವಿಧಾನಸಭೆಯಲ್ಲಿ. ಪರಿಷತ್ತಿನ 75ರಲ್ಲಿ ಒಂದೂ ಮೀಸಲಲ್ಲ.