ಕ್ರಿಸ್ತಪ್ರತಿಮೆಯ ಹಸಿರು ಪೀಠ

ಬ್ರೆಜಿಲಿನ ರಿಯೊ ಡಿ ಜನೈರೊ ನಗರದ ಕೊರ್ಕೊವಾಡೊ ಶಿಖರದಲ್ಲಿ 30 ಮೀಟರ್ ಎತ್ತರದ ಉದ್ಧಾರಕ ಕ್ರಿಸ್ತರ ಪ್ರತಿಮೆ ಲೋಕಾರ್ಪಣೆಗೊಂಡುದು 1931ರ ಅಕ್ಟೋಬರ್ 12ರಂದು. ಆದರೆ ಅದನ್ನು ಸುತ್ತುವರಿದ ವನಶ್ರೀ ಅದಕ್ಕಿಂತ ಹಳೆಯದು.

ಕಾಫಿ ತೋಟಗಳಿಗಾಗಿ ಕಾಡು ಕಡಿದುದರಿಂದ ನಗರದ ನೀರಿನ ಸೆಲೆಗಳು ಬತ್ತತೊಡಗಿದ್ದವು. 1861ರಲ್ಲಿ ಚಕ್ರವರ್ತಿ ಎರಡನೆಯ ಪೆದ್ರೊ ಅವರ ಸರಕಾರವು ಟಿಜುಕಾ, ಪೈನೇರಾಸ್ ಬೆಟ್ಟಗಳಲ್ಲಿ ವನವನ್ನು ಮರಳಿ ಬೆಳೆಸಲು ಆಜ್ಞಾಪಿಸಿತು. ಟಿಜುಕಾದಲ್ಲಿ ಮೇಜರ್ ಆರ್ಚರ್ ಅವರ ಕೈಕೆಳಗೆ ಸಸಿ ನೆಟ್ಟವರು ಎಲ್ಯುತೇರಿಯೊ, ಮನುವೆಲ್, ಮರಿಯ ಮೊದಲಾದ ಗುಲಾಮರು. ಆ ದೇಶದಲ್ಲಿ ದಾಸ್ಯ ಅಳಿದುದು 1888ರಲ್ಲಿ.

ಶಿಲ್ಪಯೋಜಕ ಹೈತೊರ್ ದ ಸಿಲ್ವ ಕೊಸ್ತ ಅವರ ಮೊದಲ ನಕ್ಷೆಯಲ್ಲಿ ಕ್ರಿಸ್ತರ ಕೈಗಳಲ್ಲಿ ಶಿಲುಬೆಯೂ ಭೂಗೋಳವೂ ಇದ್ದವು. ದೂರದಿಂದಲೂ ಕಾಣುವಂತೆ ಬಳಿಕ ತೋಳು ಚಾಚಿದ ದೇಹವೇ ಶಿಲುಬೆಯಾಯಿತು. ಶಿಲ್ಪಿಗಳನ್ನು ಸ್ಮರಿಸುವ ನಾವು, ಆ ತೋಳುಗಳ ಕೆಳಗಿನ ಹಸಿರಿಗೆ ಬೆವರು ಸುರಿಸಿದವರನ್ನೂ ಸ್ಮರಿಸುವುದು ನ್ಯಾಯ.