ಗಿಟಾರಿನ ತಂತಿ: ಕರುಳಿನಿಂದ ನೈಲಾನಿಗೆ

ವಾದ್ಯವನ್ನು ಕೊಳ್ಳುವಾಗ ಮರದ ಜಾತಿಯನ್ನೂ ಶಿಲ್ಪಿಯ ಹೆಸರನ್ನೂ ವಿಚಾರಿಸುವ ರಸಿಕರು ತಂತಿಯ ವಿಷಯದಲ್ಲಿ ಸಾಮಾನ್ಯವಾಗಿ ಉದಾಸೀನರು. ಆದರೆ ನಾದವು ಮೊದಲು ಹುಟ್ಟುವುದು ತಂತಿಯಲ್ಲಿ. ಮರವು ಅದನ್ನು ಪೋಷಿಸಿ ಹೊರಗೆಡಹುತ್ತದೆ. ಸ್ಪೇನ್ ದೇಶದ ಗಿಟಾರಿನ ಚರಿತ್ರೆ ಈ ಮಾತಿಗೆ ಒಳ್ಳೆಯ ನಿದರ್ಶನ.

ನಮ್ಮ ವೀಣೆಯ ತಂತಿಗಳು ಲೋಹದವು. ಸ್ಪೇನಿನ ಗಿಟಾರಿನವು ಹಾಗಲ್ಲ. ಅಲ್ಮೆರಿಯಾದ ಆಂಟೋನಿಯೊ ದೆ ಟೋರೆಸ್ (೧೮೧೭–೧೮೯೨) ಈ ವಾದ್ಯಕ್ಕೆ ಇಂದಿನ ರೂಪವನ್ನು ಕೊಟ್ಟ ಕಾಲದಲ್ಲಿ, ಆರು ತಂತಿಗಳ ಪೈಕಿ ತಾರದ ಮೂರು ಕುರಿಯ ಕರುಳನ್ನು ಹೊಸೆದು ಮಾಡಿದವು. ಮಂದ್ರದ ಮೂರು ರೇಷ್ಮೆಯ ಎಳೆಗಳ ಮೇಲೆ ಲೋಹದ ಸಣ್ಣ ಸರಿಗೆಯನ್ನು ಸುತ್ತಿದವು. ಕರುಳಿನ ಧ್ವನಿಯಲ್ಲಿ ಕಂಠದ ಆರ್ದ್ರತೆಯುಂಟು. ಆದರೆ ಗಾಳಿಯ ತೇವ ಏರಿಳಿದಂತೆಲ್ಲ ಅದರ ಶ್ರುತಿ ಕದಲುವುದು. ಎಳೆ ಬಿಚ್ಚಿ ಕಛೇರಿಯ ನಡುವೆಯೇ ಹರಿಯುವುದೂ ಉಂಟು. ಉಗುರಿನಿಂದ ಮೀಟಿದರಂತೂ ಬೇಗ ಸವೆಯುವುದು. ಫ್ರಾನ್ಸಿಸ್ಕೊ ಟಾರೆಗ (೧೮೫೨–೧೯೦೯) ಕಡೆಯ ವರ್ಷಗಳಲ್ಲಿ ಉಗುರನ್ನು ತ್ಯಜಿಸಿ ಬೆರಳ ತುದಿಯಿಂದಲೇ ನುಡಿಸಿದನು. ಆಂಡ್ರೆಸ್ ಸೆಗೋವಿಯ (೧೮೯೩–೧೯೮೭) ಉಗುರನ್ನು ಬಿಡಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ (೧೯೩೯–೧೯೪೫) ಕರುಳಿನ ದಾರವು ಶಸ್ತ್ರವೈದ್ಯರ ಪಾಲಾಯಿತು. ಯೋಧರ ಗಾಯಗಳನ್ನು ಹೊಲಿಯಲು ಅದು ಬೇಕಾಗಿದ್ದಿತು. ಗಾಯಕ್ಕೂ ಗಾನಕ್ಕೂ ಒಂದೇ ವಸ್ತು ಬೇಕಾದಾಗ ಗಾಯವೇ ಮುಂದೆಂಬುದು ನ್ಯಾಯ. ಸೆಗೋವಿಯನಂಥ ವಾದಕನಿಗೂ ಒಳ್ಳೆಯ ತಂತಿ ದುರ್ಲಭವಾಯಿತು. ಅಮೆರಿಕದ ಡುಪಾಂಟ್ ಸಂಸ್ಥೆಯಲ್ಲಿ ವ್ಯಾಲೇಸ್ ಕರೋಥರ್ಸನೂ ಅವನ ಸಂಗಡಿಗರೂ ೧೯೩೫ರಲ್ಲಿಯೇ ನೈಲಾನನ್ನು ಸಿದ್ಧಪಡಿಸಿದ್ದರು. ಕಾಲುಚೀಲಕ್ಕೂ ಪ್ಯಾರಾಚೂಟಿಗೂ ಒದಗಿದ ಆ ವಸ್ತುವಿನಿಂದ ನ್ಯೂಯಾರ್ಕಿನ ವಾದ್ಯಶಿಲ್ಪಿ ಆಲ್ಬರ್ಟ್ ಆಗಸ್ಟೀನನು ತಂತಿಗಳನ್ನು ರಚಿಸಿದನು. ಸೆಗೋವಿಯನು ಅವನ್ನು ಮೆಚ್ಚಿ ಕೈಗೊಂಡನು. ಆ ದಶಕ ಮುಗಿಯುವುದರೊಳಗೆ ಅವು ಪೇಟೆಗೂ ಬಂದವು. ಕೊರತೆಯಿಂದ ಹುಟ್ಟಿದ ಬದಲಿ ವಸ್ತುವೇ ಮುಂದೆ ವಾಡಿಕೆಯಾಯಿತು.

ಫ್ಲಾಮೆಂಕೊ ವಾದಕರಿಗೂ ಇದೇ ತಂತಿ ಒದಗಿತು. ಆದರೆ ಅವರ ಅಗತ್ಯ ಬೇರೆ. ಆಂಡಲೂಸಿಯದ ಈ ಕಲೆಯಲ್ಲಿ ಗಿಟಾರು ಹಾಡುಗಾರನ ಕಂಠಕ್ಕೂ ನರ್ತಕಿಯ ಹೆಜ್ಜೆಯ ಸದ್ದಿಗೂ ಸರಿಗಟ್ಟಬೇಕು. ಆದುದರಿಂದ ಅದರ ಒಡಲನ್ನು ವಾಡಿಕೆಯಾಗಿ ಹಗುರವಾದ ಸೈಪ್ರೆಸ್ ಮರದಿಂದ ಕಟ್ಟಿ, ತಂತಿಗಳನ್ನು ಮೆಟ್ಟಿಲುಗಳಿಗೆ ಸಮೀಪವಾಗಿ ಇಳಿಸಿರುತ್ತಾರೆ. ಬಲವಾಗಿ ಮೀಟಿದಾಗ ತಂತಿ ಮೆಟ್ಟಿಲಿಗೆ ತಾಗಿ ಚುರುಕಾದ ಸದ್ದು ಹೊರಡುವುದು ಅಲ್ಲಿ ದೋಷವಲ್ಲ, ಮಿತಿಯಲ್ಲಿದ್ದರೆ ಗುಣವೇ.

ಇನ್ನು ಆಯ್ಕೆಯ ಮಾತು. ಉದ್ದವೂ ಸ್ವರವೂ ಒಂದೇ ಆಗಿದ್ದರೆ, ತಂತಿ ಭಾರವಾದಷ್ಟೂ ಬಿಗಿತ ಹೆಚ್ಚಬೇಕು. ಇದು ಫ್ರಾನ್ಸಿನ ಮೆರ್ಸೆನ್ನನು ೧೬೩೬ರಲ್ಲಿ ಪ್ರಕಟಿಸಿದ ನಿಯಮಗಳಿಂದ ತಿಳಿದುಬರುವ ಸಂಗತಿ. ಹೆಚ್ಚು ಬಿಗಿತದ ತಂತಿ ಕಡಿಮೆ ತೂಗುವುದರಿಂದ ಮೆಟ್ಟಿಲಿಗೆ ತಾಗುವುದು ಕಡಿಮೆ. ಬಲವಾಗಿ ಮೀಟುವ ಫ್ಲಾಮೆಂಕೊ ವಾದಕರು ಅನೇಕರು ಅದನ್ನು ಬಯಸುತ್ತಾರೆ. ಆದರೆ ಅದು ಎಡಗೈಗೆ ಶ್ರಮ. ಕಂಪಿತ, ಮೃದುತ್ವಗಳನ್ನು ಬಯಸುವವನಿಗೆ ಮಧ್ಯಮ ಬಿಗಿತವೇ ಹಿತ. ನೈಲಾನಿನ ಮೂರನೆಯ ತಂತಿ ದಪ್ಪವಾಗಿ ಮಂಕಾಗಿ ಕೇಳಿದರೆ, ಕಾರ್ಬನ್ ಎಂದು ಮಾರುವ ಫ್ಲೂರೊಕಾರ್ಬನ್ ತಂತಿಯನ್ನು ಕಟ್ಟಬಹುದು. ಆ ವಸ್ತು ಹೆಚ್ಚು ಸಾಂದ್ರವಾದುದರಿಂದ ತಂತಿ ತೆಳುವಾಗಿಯೂ ಧ್ವನಿ ಸ್ಫುಟವಾಗಿಯೂ ಇರುತ್ತದೆ. ಮಂದ್ರದ ತಂತಿಗಳ ಸುತ್ತು ಬೆವರಿನಿಂದ ಮಾಸುವುದರಿಂದ ಅವನ್ನು ತಾರದ ತಂತಿಗಳಿಗಿಂತ ಬೇಗ ಬದಲಾಯಿಸಬೇಕು. ಉಕ್ಕಿನ ತಂತಿಯನ್ನು ಮಾತ್ರ ಎಂದೂ ಕಟ್ಟಬಾರದು. ಅದರ ಸೆಳೆತಕ್ಕೆ ಕುದುರೆ ಕಿತ್ತುಬಂದೀತು.

ಕರುಳಿನ ತಂತಿಯನ್ನು ಮಾಡುವವರೂ ನುಡಿಸುವವರೂ ಇಂದಿಗೂ ಇದ್ದಾರೆ. ನೈಲಾನಿನಿಂದ ಸ್ಥಿರತೆ ದೊರೆಯಿತು. ಹಳೆಯ ಧ್ವನಿಯ ಒಂದಂಶ ಹೋಯಿತು. ಎಲ್ಲ ಗುಣಗಳೂ ಒಂದೇ ತಂತಿಯಲ್ಲಿ ಕೂಡಿಬಂದುದಿಲ್ಲ. ಯಾವ ಗುಣಕ್ಕಾಗಿ ಯಾವುದನ್ನು ಬಿಡಬಹುದೆಂಬುದನ್ನು ನುಡಿಸುವವನ ಕಿವಿಯೂ ಕೈಯೂ ಕೂಡಿ ನಿರ್ಣಯಿಸತಕ್ಕದ್ದು.