ಕೊಡಲಿಯ ಗುರುತು

ಮಧ್ಯಯುಗದ ಯುರೋಪಿನ ಬಡಗಿಗಳು ತಮ್ಮ ವಿದ್ಯೆಯನ್ನು ಗ್ರಂಥಸ್ಥಗೊಳಿಸಿದ್ದು ವಿರಳ. ಅವರು ಕೆತ್ತಿದ ಮರವೇ ಆ ವಿದ್ಯೆಗೆ ಶಾಸನ. ಪ್ಯಾರಿಸ್ ನಗರದ ನೋತ್ರ್ ದಾಮ್ ಮಹಾ ಚರ್ಚಿನ ಛಾವಣಿ ಇದಕ್ಕೆ ನಿದರ್ಶನವಾಗಿದೆ. 12 ಮತ್ತು 13ನೆಯ ಶತಮಾನಗಳ ಓಕ್ ತೊಲೆಗಳಿಂದ ದಟ್ಟವಾಗಿ ಹೆಣೆದಿದ್ದ ಅದಕ್ಕೆ ‘ಕಾಡು’ ಎಂದೇ ಹೆಸರಿತ್ತು. 2014ರಲ್ಲಿ ಇಬ್ಬರು ವಾಸ್ತುಶಿಲ್ಪಿಗಳು ಅದನ್ನು ಕೂಲಂಕಷವಾಗಿ ಅಳೆದು ನಕ್ಷೆ ಬರೆದರು. 2019ರ ಏಪ್ರಿಲ್ 15ರಂದು ಆ ಕಾಡು ಬೆಂಕಿಗೆ ಆಹುತಿಯಾಯಿತು, ನಕ್ಷೆ ಉಳಿಯಿತು.

ಪುನರ್ನಿರ್ಮಾಣಕ್ಕೆ ನಿಂತ ಬಡಗಿಗಳು ಹಸಿ ಓಕ್ ದಿಮ್ಮಿಗಳನ್ನು ಪೂರ್ವಿಕರಂತೆ ಕೊಡಲಿಯಿಂದಲೇ ಕೆತ್ತಿ ಚೌಕಗೊಳಿಸಿದರು. ಇದು ಕೇವಲ ಪ್ರಾಚೀನತೆಯ ಮೋಹವಲ್ಲ. ಯಂತ್ರದ ಗರಗಸವು ನೇರವಾಗಿ ಸಾಗಿ, ಬಾಗಿದ ಮರದ ಎಳೆಗಳನ್ನು ತುಂಡರಿಸುತ್ತದೆ. ಕೊಡಲಿ ಹಿಡಿದ ಕೈಯಾದರೋ ಎಳೆಯ ಬಾಗನ್ನೇ ಅನುಸರಿಸುತ್ತದೆ. ತಿರುಳು ನಡುವಿನಲ್ಲಿದ್ದು ಎಳೆ ಅಖಂಡವಾಗಿರುವ ತೊಲೆ ಭಾರವನ್ನು ಚೆನ್ನಾಗಿ ತಾಳುತ್ತದೆ.

2024ರ ಡಿಸೆಂಬರಿನಲ್ಲಿ ಚರ್ಚಿನ ಬಾಗಿಲು ಮತ್ತೆ ತೆರೆಯಿತು. ಛಾವಣಿಯ ಅಳತೆಯನ್ನು ನಕ್ಷೆ ಒದಗಿಸಿತು. ಕೆಲಸದ ಕ್ರಮವನ್ನು ಒದಗಿಸಿದವರು ಕೊಡಲಿಯ ವಿದ್ಯೆಯನ್ನು ಬಿಡದೆ ಕಲಿತುಬಂದ ಬಡಗಿಗಳು. ಅವರಿಲ್ಲದಿದ್ದರೆ ಕಾಗದದ ಮೇಲಿನ ಆ ಕಾಡು ಕಾಗದದಲ್ಲಿಯೇ ಉಳಿಯುತ್ತಿತ್ತು. ಹಳೆಯ ಉಪಕರಣಗಳನ್ನು ಕಾಪಾಡುವಷ್ಟೇ ಶ್ರದ್ಧೆಯಿಂದ ಅವುಗಳ ಬಳಕೆಯನ್ನೂ ಕಾಪಾಡಬೇಕೆಂಬುದಕ್ಕೆ ಇದೇ ಸಾಕ್ಷಿ.